ಕಾರಿಗಾಗಿ ಕಾದ ಅತಿಥಿ

ಥಾಖೆಕ್ ಊರಿನ ಸರ್ಕಾರಿ ಅತಿಥಿಗೃಹದಲ್ಲಿ ನಾನು ಅಡುಗೆಯವಳು, ವಿಲೈಫೋನ್ ಕೋಣೆಗಳನ್ನು ನೋಡಿಕೊಳ್ಳುವವಳು. ಹೊರದೇಶದ ಗಣ್ಯರು ಬಂದಾಗ ಅವಳಿಗೆ ಇನ್ನೊಂದು ಕೆಲಸವೂ ಇರುತ್ತಿತ್ತು. ದೂರ ಪ್ರಯಾಣ ಮಾಡಿದವರ ಖ್ವಾನ್, ಅಂದರೆ ಮೈಯೊಳಗಿನ ಜೀವ, ದಾರಿಯಲ್ಲೆಲ್ಲೋ ಹಿಂದುಳಿದಿರುತ್ತದೆ. ಅದನ್ನು ಹೆಸರು ಹಿಡಿದು ಕರೆದು, ಬಂದವರ ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿದ ಮೇಲೆಯೇ ನಮ್ಮಲ್ಲಿ ಊಟ. ವಿಲೈಫೋನ್ ಕರೆದರೆ ಬಾರದ ಖ್ವಾನ್ ಇಲ್ಲವೆಂದು ಊರಿನವರ ನಂಬಿಕೆ. ಗಂಡ ಸತ್ತ ಮೇಲೆ ಅವಳು ಬದುಕಿದ್ದೇ ಬಂದವರ ಉಪಚಾರದಲ್ಲಿ.

ಆ ಬೇಸಿಗೆ ಸೇತುವೆ ನೋಡಲು ಡೆನ್ಮಾರ್ಕಿನಿಂದ ಥೋರ್ವಾಲ್ಡ್ ಎಂಬ ಮುದುಕ ಎಂಜಿನಿಯರ್ ಬಂದ. ನಗುತ್ತಲೇ ನೂಲು ಕಟ್ಟಿಸಿಕೊಂಡ. ಹೊರಡುವ ಬೆಳಿಗ್ಗೆ ಅದನ್ನು ಕತ್ತರಿಸಿ ಕೋಣೆಯಲ್ಲೇ ಎಸೆದು ಹೋಗಿದ್ದ. ಗುಡಿಸಲು ಹೋದ ವಿಲೈಫೋನ್ ನೂಲನ್ನು ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಗೆ ಬಂದಳು.

"ನೋಡೇ, ಕರೆದು ತಂದಿದ್ದನ್ನ ಇಲ್ಲೇ ಬಿಟ್ಟು ಹೋಗಿದಾರೆ."

ಆಮೇಲೆ ಆ ಕೋಣೆಯ ಹಾಸಿಗೆಯನ್ನು ಎಷ್ಟು ಸರಿಮಾಡಿದರೂ ಮಧ್ಯಾಹ್ನದ ಹೊತ್ತಿಗೆ ಯಾರೋ ಕೂತೆದ್ದಂತೆ ತಗ್ಗಾಗಿರುತ್ತಿತ್ತು. ವಿಯೆಟ್ನಾಮಿನಿಂದ ಬಂದ ಅಧಿಕಾರಿಣಿಯೊಬ್ಬರು ಒಳಗೆ ಹೋದಷ್ಟೇ ಬೇಗ ಕೆಳಗಿಳಿದು ಬಂದರು.

"ಅಲ್ಲಿ ಯಾರೋ ಅಜ್ಜ ಇದಾರಲ್ರೀ. ಕಾರು ಬಂತಾ ಅಂತ ಕೇಳಿದ್ರು."

ಮ್ಯಾನೇಜರ್ ಸೊಂಫೋನ್ ನಕ್ಕ. "ವಿಲೈ ಅಕ್ಕಾ, ನಿಮ್ಮ ಉಪಚಾರ ಅತಿಯಾಯ್ತು! ಬಂದವರು ಹೋಗೋದನ್ನೇ ಮರೀತಿದಾರೆ." ನಕ್ಕನೇ ಹೊರತು ಆ ಮಹಡಿ ಹತ್ತಲಿಲ್ಲ.

"ಭಿಕ್ಕುಗಳನ್ನ ಕರೆಸಿ ಓಡಿಸಿಬಿಡಕ್ಕ," ಎಂದೆ ನಾನು.

"ಅತಿಥೀನ ಓಡಿಸ್ತಾರೇನೇ? ನೀನೂ ಸರಿ!"

ಅಂದಿನಿಂದ ಅವಳೇ ಆ ಕೋಣೆಗೆ ಬುಟ್ಟಿಯಲ್ಲಿ ಬಿಸಿ ಅಂಟು ಅನ್ನ ಒಯ್ದಿಡತೊಡಗಿದಳು. ಅನ್ನ ಕಡಿಮೆಯಾಗುತ್ತಿರಲಿಲ್ಲ. ಆದರೆ ಅದರ ಮೇಲೆ ಬೆರಳೊತ್ತಿದ ಗುರುತಿರುತ್ತಿತ್ತು. ನನ್ನ ಬೆರಳಿಗಿಂತ ದಪ್ಪನೆಯ ಬೆರಳು.

ಮಳೆಗಾಲ ಮುಗಿಯುತ್ತಿದ್ದಾಗ ಥೋರ್ವಾಲ್ಡನ ಮಗಳು ಇಂಗರ್ ಬಂದಳು. ಇಲ್ಲಿಂದ ಮರಳಿದ ಅಪ್ಪನಿಗೆ ಅವಳ ಗುರುತೇ ಸಿಗುತ್ತಿರಲಿಲ್ಲವಂತೆ. ಕಾರು ಬಂತಾ ಎಂಬುದೊಂದೇ ಮಾತಂತೆ. ಇಲ್ಲೇನಾಯಿತೆಂದು ದುಭಾಷಿಯ ಮೂಲಕ ಕೇಳಿ ಅತ್ತಳು. ವಿಲೈಫೋನ್ ಅವಳನ್ನು ಆ ಕೋಣೆಗೆ ಕರೆದೊಯ್ದು, ಮುದುಕನ ಹೆಸರು ಹಿಡಿದು ಕೂಗಿ, ಮಗಳ ಮಣಿಕಟ್ಟಿಗೆ ನೂಲು ಬಿಗಿದಳು.

"ಮನೆ ಸೇರೋವರೆಗೂ ಬಿಚ್ಚಬೇಡ ಮಗಳೇ."

ಕಾರು ಬಂತು. ಇಂಗರ್ ಹತ್ತಿದ ಮೇಲೆ ವಿಲೈಫೋನ್ ಆಚೆ ಬದಿಯ ಬಾಗಿಲನ್ನೂ ತೆರೆದು, ಕೈಮುಗಿದು ನಿಂತಳು. ಖಾಲಿ ಸೀಟು ಮೆಲ್ಲಗೆ ಕುಸಿಯಿತು. ಚಾಲಕ ಕನ್ನಡಿಯಿಂದ ಕಣ್ಣು ತಿರುಗಿಸಿಕೊಂಡ.

ವಾರದೊಳಗೆ ಇಂಗರ್ ಫೋನ್ ಮಾಡಿದಳು. ಅಪ್ಪ ಅವಳನ್ನು ಹೆಸರು ಹಿಡಿದು ಕರೆದಿದ್ದ, ಹೊಟ್ಟೆತುಂಬ ಉಂಡಿದ್ದ. ನಾವೆಲ್ಲ ಕುಣಿದಾಡಿದೆವು. ಆಮೇಲೆ ದುಭಾಷಿ ದನಿ ತಗ್ಗಿಸಿದ. "ನೀಲಿ ಲಂಗ ಉಟ್ಟ ಹೆಂಗಸು ಯಾರು, ಹೊಸ್ತಿಲಲ್ಲಿ ನಿಂತು ಚಳೀಲಿ ನಡುಗ್ತಿದಾಳೆ ಅಂತ ಅವರಪ್ಪ ಕೇಳ್ತಾರಂತೆ."

ನಾನು ತಿರುಗಿ ನೋಡಿದೆ. ಸುಡುಬಿಸಿಲಲ್ಲಿ ವಿಲೈಫೋನ್ ತನ್ನ ನೀಲಿ ಲಂಗದ ಮೇಲೆ ಹೊದಿಕೆ ಹೊದ್ದು ಕೂತಿದ್ದಳು. ಕಾರು ಹೋದಂದಿನಿಂದ ಅವಳಿಗೆ ನಡುಕ ಬಿಟ್ಟಿರಲಿಲ್ಲ.

"ಅಯ್ಯೋ ಅಕ್ಕ, ನೀನೂ ಹೋಗಿಬಿಟ್ಟೆಯಾ?"

"ವಯಸ್ಸಾದವರು ಕಣೇ, ಅಷ್ಟು ದೂರ ಒಬ್ಬರನ್ನೇ ಹೇಗೆ ಕಳಿಸಲಿ?" ಎಂದಳು, ಹಲ್ಲು ಕಟಕಟಿಸುತ್ತ.

ನಾವು ನೂಲು ಕಟ್ಟಿ ಎಷ್ಟು ಕೂಗಿದರೂ ಪ್ರಯೋಜನವಾಗಲಿಲ್ಲ. ಒಂದು ದಿನ ತಾನಾಗಿಯೇ ನಡುಕ ನಿಂತಿತು. ಅವಳ ಕೆನ್ನೆಗೆ ಬಣ್ಣ ಬಂತು. ಸಂಜೆ ಇಂಗರ್ ಫೋನಿನಲ್ಲಿ ಹೇಳಿದಳು: ಅಪ್ಪ ಆ ಹೆಂಗಸನ್ನು ಒಳಗೆ ಕರೆದು, ಒಲೆಯ ಪಕ್ಕ ಕೂರಿಸಿ, ಉಣ್ಣೆಯ ಶಾಲು ಹೊದಿಸಿದನಂತೆ.

ವಿಲೈಫೋನ್ ಈಗ ಚೆನ್ನಾಗಿದ್ದಾಳೆ. ಕೆಲಸ ಮಾಡುತ್ತಾಳೆ, ನಗುತ್ತಾಳೆ. ಹೆಸರು ಹಿಡಿದು ಕರೆದರೆ ಮಾತ್ರ ಓಗೊಡುವುದು ತಡ.