ಮೂರು ಪಟ್ಟು ಎತ್ತರದ ನೆಲ

ನಾನು ಪುಕ್ಕಲು ಸ್ವಭಾವದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ಕಲಬುರಗಿಯ ಬ್ರಹ್ಮಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಬೇಸರವಾದಾಗ, ಯಾವುದೋ ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿದ್ದ ಗೇಮ್ ಎಂಜಿನ್, ಅಂದರೆ ಕಂಪ್ಯೂಟರ್ ಆಟ ಕಟ್ಟುವ ಸಾಫ್ಟ್‌ವೇರ್, ತೆರೆದು ಗುಡ್ಡ, ಕಣಿವೆ ಮಾಡುತ್ತ ಕೂರುವುದು ನನ್ನ ಚಟ. ಕಪ್ಪು-ಬಿಳುಪಿನ ಒಂದು ಚಿತ್ರ ಕೊಟ್ಟರೆ ಸಾಕು, ಅದು ಬಿಳಿ ಇದ್ದಲ್ಲಿ ನೆಲ ಎಬ್ಬಿಸುತ್ತಿತ್ತು, ಕಪ್ಪು ಇದ್ದಲ್ಲಿ ತಗ್ಗು ತೋಡುತ್ತಿತ್ತು.

ಈ ಚಟ ಪರಿಚಯದ ಎಂಜಿನಿಯರರೊಬ್ಬರ ಕಣ್ಣಿಗೆ ಬಿತ್ತು. ಕಮಲಾಪುರದ ಹೊರಗೆ ಹಳ್ಳಕ್ಕೆ ಒಡ್ಡು ಹಾಕಿ ಕೆರೆ ಕಟ್ಟಿಸುತ್ತಿದ್ದವರು ಅವರು. ಹಳ್ಳದ ದಂಡೆಯ ಓಣಿಯಲ್ಲಿ ಹನ್ನೊಂದು ಮನೆಗಳು. ಅದರಲ್ಲೊಂದು ನನ್ನ ಸೋದರತ್ತೆಯದು. ಯಾರ ಮನೆ ಮುಳುಗುತ್ತದೆ, ಯಾರದು ಉಳಿಯುತ್ತದೆ ಎಂಬುದು ಎಂಜಿನಿಯರರಿಗೂ ಖಚಿತವಿರಲಿಲ್ಲ. ಮುಳುಗುವವರು ದಿಬ್ಬದ ಮೇಲೆ ಬದಲಿ ಜಾಗಕ್ಕೆ ಮಿರಗದ, ಅಂದರೆ ಮೃಗಶಿರಾ, ಮಳೆಗೆ ಮುಂಚೆ ಅರ್ಜಿ ಕೊಡಬೇಕಿತ್ತು.

“ನಕ್ಷೆ ತೋರ್ಸಿದ್ರ ಮಂದಿಗೆ ತಿಳೀವಲ್ದು. ನಿಮ್ಮ ಆಟದಾಗ ಊರು ಮಾಡಿ ತೋರ್ಸ್ರಿ ಮೇಡಂ” ಎಂದರು ಅವರು.

ಅವರ ನಕ್ಷೆ ನೋಡಿ ನೆಲ ಮಾಡಿದೆ. ಆದರೆ ಗೇಮ್ ಎಂಜಿನ್ನಿನ ನೆಲ ಬೇರೆಲ್ಲೂ ತೆರೆಯುತ್ತಿರಲಿಲ್ಲ. ಅದರ ಮೇಲೆ ಮನೆ, ನೀರು ಕೂರಿಸಲು ಇನ್ನೊಂದು ಸಾಫ್ಟ್‌ವೇರಿಗೆ ಒಯ್ಯಬೇಕು. ಒಯ್ಯಲು ಇಡೀ ನೆಲವನ್ನು ಸಣ್ಣ ಸಣ್ಣ ತ್ರಿಕೋನಗಳ ಬಲೆಯಾಗಿ, ಅಂದರೆ ಮೆಶ್ ಆಗಿ, ಬದಲಾಯಿಸಬೇಕು. ಆಗ ಎತ್ತರ ಎಷ್ಟೆಂದು ನಾವೇ ಹೇಳಬೇಕು. ಇದ್ದಷ್ಟೇ ಹೇಳಿದೆ. ನಮ್ಮ ಸೀಮೆಯ ನೆಲ, ಎಷ್ಟು ಎತ್ತರ ಇದ್ದೀತು? ಹಂಚಿನ ಮೇಲಿನ ರೊಟ್ಟಿಯ ಹಾಗೆ ಮಲಗಿತ್ತು. ಇದನ್ನು ತೋರಿಸಿದರೆ ಮಂದಿ ನಗುತ್ತಾರೆಂದು ಹೆದರಿ ಎತ್ತರವನ್ನು ಮೂರು ಪಟ್ಟು ಮಾಡಿದೆ. ದಿಬ್ಬ ದಿಬ್ಬದ ಹಾಗೆ ಕಂಡಿತು. ಆಮೇಲೆ, ಎಂಜಿನಿಯರರು ಬರೆದುಕೊಟ್ಟಂತೆ, ಕೆಳಗೆ ದೂರದಲ್ಲಿದ್ದ ಒಡ್ಡಿನ ಬುಡದಲ್ಲಿ ಹಳ್ಳದ ತಳದಿಂದ ಆರು ಮೀಟರಿಗೆ ನೀರು ಕೂರಿಸಿದೆ.

ಕಮಲಾಪುರದ ಶಾಲೆಯೊಂದರ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟು ತೋರಿಸಿದೆ. ಎಂಜಿನಿಯರರು ಅಂದು ಬೇರೆ ಕೆಲಸಕ್ಕೆ ಹೋಗಿದ್ದರು. ಅತ್ತೆ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು.

“ನಮ್ಮ ಮನಿ ಎಲ್ಲದ, ತೋರ್ಸು.”

ತೋರಿಸಿದೆ. ನೀಲಿ ನೀರು ಮನೆಗಳಿಗಿಂತ ಬಹಳ ಕೆಳಗೆ ನಿಂತಿತ್ತು.

“ನೋಡ್ರಿ, ನಮ್ಮ ಹುಡುಗಿ ಮಾಡ್ಯಾಳ. ಆಕಿ ಸುಳ್ಳ ಯಾಕ ಹೇಳ್ತಾಳ?” ಎಂದು ಅತ್ತೆ ಓಣಿಯವರ ಕಡೆ ತಿರುಗಿ ಹೇಳಿದಳು. ಹೊರಡುವಾಗ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟಳು. ಹಿಗ್ಗಿನಲ್ಲಿ ಬಸ್ಸಿನಲ್ಲೇ ಎರಡು ತಿಂದೆ.

ಮರುದಿನ ಎಂಜಿನಿಯರರ ಫೋನು ಬಂತು. “ಅದರಾಗ ಒಂದು ಮನುಷ್ಯಾನ ನಿಲ್ಲಸ್ರಿ, ಅಳತಿ ತಿಳೀತದ.”

ಆಳೆತ್ತರದ ಗೊಂಬೆಯೊಂದನ್ನು ಅತ್ತೆಯ ಮನೆಯ ಹಿಂದೆ, ಹಳ್ಳದೊಳಗೆ, ದಂಡೆಗೆ ಒರಗಿಸಿ ನಿಲ್ಲಿಸಿದೆ. ದಂಡೆ ಅವನ ತಲೆ ದಾಟಿ ಹೋಗಿತ್ತು. ಸಣ್ಣವಳಿದ್ದಾಗ ನೂರು ಸಲ ಜಿಗಿದ ದಂಡೆ ಅದು. ದೊಡ್ಡವರ ಸೊಂಟದಷ್ಟೂ ಇಲ್ಲ.

ಆಗ ತಪ್ಪು ಹೊಳೆಯಿತು. ನೆಲವನ್ನು ಮೂರು ಪಟ್ಟು ಎಳೆದಿದ್ದೆ, ನೀರನ್ನು ಇದ್ದಲ್ಲೇ ಬಿಟ್ಟಿದ್ದೆ. ಎತ್ತರವನ್ನು ಇಳಿಸುತ್ತ ಬಂದೆ. ಮನೆಗಳು ಒಂದೊಂದಾಗಿ ನೀಲಿಯೊಳಗೆ ಹೋದವು. ಇದ್ದಷ್ಟು ಎತ್ತರಕ್ಕೆ ಬರುವ ಹೊತ್ತಿಗೆ ಹನ್ನೊಂದರಲ್ಲಿ ಒಂದೂ ಹೊರಗಿರಲಿಲ್ಲ.

ಮೂರು ದಿನ ಯಾರಿಗೂ ಹೇಳಲಿಲ್ಲ. ಎಂಜಿನಿಯರರು ಬೈದಾರು, ಕೆಲಸ ಹೋದೀತು, ಅತ್ತೆ ಮತ್ತೆ ನನ್ನ ಮುಖ ನೋಡಲಿಕ್ಕಿಲ್ಲ. ಫೋನು ಹೊಡೆದುಕೊಂಡರೆ ಎತ್ತದೆ ಬಿಡುತ್ತಿದ್ದೆ. ಶರಣಬಸವೇಶ್ವರ ಗುಡಿಗೆ ಹೋಗಿ ಕೈಮುಗಿದು ನಿಂತರೆ ಏನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಮಳೆ ಬರದಿರಲಿ ಎಂದು ಬೇಡುವುದೇ, ನೀರಿಗೆ ಬಾಯಿಬಿಡುವ ನಮ್ಮ ಸೀಮೆಯಲ್ಲಿ ನಿಂತು? ನಾಚಿಕೆಯಾಗಿ ಹೊರಗೆ ಬಂದೆ. ನಾಲ್ಕನೆಯ ದಿನ ಮೋಡ ಕಟ್ಟಿತು. ಓಡಿಹೋಗಿ ಕಮಲಾಪುರದ ಬಸ್ಸು ಹತ್ತಿದೆ.

ಅತ್ತೆ ಹಿತ್ತಲಲ್ಲಿ ಎಮ್ಮೆಗೆ ಹೊಸ ಕೊಟ್ಟಿಗೆ ಕಟ್ಟಿಸಲು ಕಲ್ಲು ಜೋಡಿಸುತ್ತಿದ್ದಳು. ಅಲ್ಲೇ ನಿಂತು ಎಲ್ಲ ಹೇಳಿದೆ. ಅವಳ ಕೈಯಲ್ಲಿದ್ದ ಕಲ್ಲು ಕೈಯಲ್ಲೇ ಉಳಿಯಿತು.

“ನಿನ್ನ ಮಾತಿನ ಮ್ಯಾಲೆ ಓಣಿಯವರೆಲ್ಲ ದಿಬ್ಬದ ಮ್ಯಾಲಿನ ಜಾಗ ಬ್ಯಾಡಂತ ಹೇಳಿ ಬಂದಾರಲ್ಲ, ಅವ್ವಾ.”

ಇಬ್ಬರೂ ಮನೆ ಮನೆಗೆ ಹೋದೆವು. ನಾನು ತಪ್ಪು ಮಾಡಿದೆನೆಂದು ಹೇಳಿದರೆ ಒಬ್ಬರೂ ನಂಬಲಿಲ್ಲ. “ಎಂಜಿನಿಯರ್ ಅಂಜಿಸಿ ಕಳಿಸ್ಯಾನೇನು ನಿನ್ನ? ಕಣ್ಣಾರೆ ನೋಡೇವಿ ನಾವು” ಎಂದು ಪಕ್ಕದ ಮನೆಯ ಮುದುಕ ಗದರಿಸಿದ. ನಾನು ಮಾಡಿದ ಸುಳ್ಳಿನ ಮುಂದೆ ನನ್ನ ಬಾಯಿಯ ಮಾತು ನಿಲ್ಲಲಿಲ್ಲ. ಅಷ್ಟು ಭಯ ನನಗೆ ಮತ್ತೆಂದೂ ಆಗಿಲ್ಲ. ಅರ್ಜಿಗೆ ಉಳಿದಿದ್ದು ಎರಡೇ ದಿನ.

ಅಂದೇ ಎಂಜಿನಿಯರರಿಗೂ ಹೇಳಿ ಬೈಸಿಕೊಂಡೆ. ಮರುದಿನ ಕಂಪ್ಯೂಟರನ್ನು ಮತ್ತೆ ಹೊತ್ತು ತಂದು, ಈ ಸಲ ನೆಲವನ್ನು ಇದ್ದಷ್ಟೇ ಎತ್ತರಕ್ಕೆ ಇಟ್ಟು ತೋರಿಸಿದೆ. ಯಾರೂ ನಗಲಿಲ್ಲ. ಅತ್ತೆ ತನ್ನ ಮನೆಯಿದ್ದ ಜಾಗದ ಮೇಲೆ ಬೆರಳಿಟ್ಟಳು.

“ಇದರಾಗ ಏನೂ ಎಳದಿಲ್ಲಲ್ಲ?”

“ಇಲ್ಲ ಅತ್ತಿ.”

ಅರ್ಜಿಯನ್ನು ನಾನೇ ಬರೆದೆ. ಅವಳ ಹೆಬ್ಬೆರಳು ಹಿಡಿದು ಮಸಿಗೆ ಅದ್ದಿ ಒತ್ತಿಸಿದೆ. ಅವಳ ಹಿಂದೆ ಮುದುಕ ಬಂದು ನಿಂತ, ಅವನ ಹಿಂದೆ ಉಳಿದವರು. ಅತ್ತೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಪರದೆಯನ್ನು ಇನ್ನೊಮ್ಮೆ ನೋಡಿದಳು.

“ನೀ ಮೊದಲ ತೋರ್ಸಿದ್ದೇ ಛಲೋ ಇತ್ತು ನೋಡು” ಎಂದಳು.