ಮಾದೇವಿಯ ಬುತ್ತಿ

ಚಾಮರಾಜನಗರದ ನಮ್ಮ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ನಿಂತು ನಾನು ಹೇಳಿದ ಹಸಿದ ಹುಡುಗಿಯ ಕಥೆ ಮಾದೇವಿಯದಲ್ಲ. ಹಸಿದಿದ್ದವಳು ನಾನು. ಆ ಕಥೆ ಕೇಳಿ ಕಣ್ಣೊರೆಸಿಕೊಂಡು ಕೈಬಿಚ್ಚಿ ಕೊಟ್ಟವರು ನೀವು — ಆದ್ದರಿಂದ ನಿಮ್ಮೆದುರಿಗೇ ಹೇಳಬೇಕು.

ನಮ್ಮಲ್ಲೊಂದು ಪದ್ಧತಿಯಿದೆ. ಓದು ಮುಗಿಸಿ ಮೊದಲ ಸಂಬಳ ಕಂಡವರು ವಿದ್ಯಾರ್ಥಿಗಳಿಗೆ ಒಂದು ದಿನದ ಮಧ್ಯಾಹ್ನದೂಟ ಹಾಕಿಸುತ್ತಾರೆ. ಇನ್ನೂ ಓದುತ್ತಿರುವವರು ಮನೆಯಿಂದ ಟೊಮೆಟೊ, ಅವರೆಕಾಯಿ ತರುತ್ತಾರೆ, ಇಲ್ಲವೇ ಬಡಿಸಲು ನಿಲ್ಲುತ್ತಾರೆ. ಮಾದಪ್ಪನ ಬೆಟ್ಟದಲ್ಲಿ ಭಕ್ತರು ಹಾಕಿಸುವ ಊಟದಂತೆ ಇದನ್ನೂ ನಾವು ‘ಪರ’ ಎಂದೇ ಕರೆಯುತ್ತೇವೆ. ಪರದ ಪಂಕ್ತಿಯಲ್ಲಿ ಕೂತವರನ್ನು ನೀನೇಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಹಸಿದವರು, ಉಂಡು ಬಂದವರು ಎಲ್ಲರೂ ಒಂದೇ ಸಾಲು. ಆ ಸಾಲಿನಿಂದ ಒಬ್ಬಳ ಹೆಸರನ್ನು ಹೊರಗೆಳೆದವಳು ನಾನು.

ಹರದನಹಳ್ಳಿಯ ನಮ್ಮ ಮನೆಯಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ಜಮೀನಿತ್ತು, ಊರಲ್ಲಿ ಮರ್ಯಾದೆಯೂ ಇತ್ತು. ಅಪ್ಪ ನೋಡಿದ ಸಂಬಂಧ ಒಲ್ಲೆ, ಓದುತ್ತೇನೆ ಎಂದೆ. ಅಪ್ಪ ಮಾತು ಬಿಟ್ಟರು. ನಾನೂ ಹಠಕ್ಕೆ ಬಿದ್ದು, ಏನೂ ತಿನ್ನದೆ, ಏನೂ ಕಟ್ಟಿಕೊಳ್ಳದೆ ಬಸ್ಸು ಹತ್ತುತ್ತಿದ್ದೆ. ಹಂಗಳದಿಂದ ಬರುತ್ತಿದ್ದ ಗೆಳತಿ ಮಾದೇವಿ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಆಗೆಲ್ಲ ಪರ ಅಪರೂಪ. ಇದ್ದ ದಿನ ನನ್ನನ್ನು ಪಂಕ್ತಿಗೆ ಎಳೆದೊಯ್ಯುತ್ತಿದ್ದಳು. ಇಲ್ಲದ ದಿನ ತನ್ನ ಬುತ್ತಿ ಮುಂದಿಡುತ್ತಿದ್ದಳು. ಚೆಂಡುಹೂ ಬಿಡಿಸಲು ಹೊಲಕ್ಕೆ ಹೋಗುವ ಮುನ್ನ ಅವಳ ಅವ್ವ ಕಟ್ಟಿಕೊಟ್ಟ ಬುತ್ತಿ.

“ತಿನ್ನು ಕಣಮ್ಮಿ, ಅವ್ವ ಇಬ್ರಿಗಾಗೋ ಅಷ್ಟು ಕಟ್ಟವ್ಳೆ.”

ಇರುತ್ತಿದ್ದದ್ದು ಒಬ್ಬಳಿಗಾಗುವಷ್ಟು. ಗೊತ್ತಿದ್ದೂ ತಿಂದೆ.

ಗುಂಡ್ಲುಪೇಟೆಯಲ್ಲಿ ನನಗೆ ಕೆಲಸ ಸಿಕ್ಕಿದ ಮೇಲೆ, ಪರಕ್ಕೆ ಕೊಡಿ ಎಂದು ಹೊಸ ಪದವೀಧರರನ್ನು ಕೇಳುವ ಭಾಷಣ ನನ್ನ ಪಾಲಿಗೆ ಬಂತು. ಸಭೆ ತಣ್ಣಗಿತ್ತು. ಹಸಿದ ಹುಡುಗಿಯೊಬ್ಬಳ ಕಥೆ ಶುರುಮಾಡಿದೆ, ಎಲ್ಲರೂ ತಲೆಯೆತ್ತಿದರು. ಅದು ನಾನೇ ಎನ್ನಬೇಕು — ಅಷ್ಟರಲ್ಲಿ ಎದುರಿಗೆ ಅಪ್ಪನ ಪರಿಚಯದವರು ಕಂಡರು. ನಾಲಿಗೆ ಹೊರಳಿತು.

“ಆ ಹುಡುಗಿ ಇಲ್ಲೇ ಇದಾಳೆ, ನಮ್ಮ ಹಂಗಳದ ಮಾದೇವಿ.”

ಚಪ್ಪಾಳೆ ಬಿತ್ತು. ಮಾದೇವಿ ತಲೆ ತಗ್ಗಿಸಿದಳು. ಹೊರಗೆ ಸಿಕ್ಕಾಗ ಇಷ್ಟೇ ಅಂದಳು: “ಬುಡು, ಊಟ ನಡೀಲಿ.”

ಊಟ ನಡೆಯಿತು. ಇವತ್ತು ಪರವಿಲ್ಲದ ದಿನವೇ ಇಲ್ಲ. ಮಾದೇವಿ ಮಾತ್ರ ಮತ್ತೆ ಪಂಕ್ತಿಯ ಕಡೆ ಕಾಲಿಡಲಿಲ್ಲ. ಒಂದು ದಿನ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅವಳ ಅವ್ವ ನನ್ನ ಕೈ ಹಿಡಿದುಕೊಂಡರು.

“ನನ್ ಮಗ್ಳು ಹಸ್ಕೊಂಡಿದ್ಲಂತೆ, ಊರೆಲ್ಲ ಆಡ್ಕತದೆ. ನಾ ದಿನಾ ಕಟ್ಕೊಟ್ಟ ಬುತ್ತಿ ಎತ್ತಗೋಯ್ತವ್ವ?”

ಬಸ್ ಬಂತು ಎಂದು ಕೈ ಬಿಡಿಸಿಕೊಂಡೆ. ಬಸ್ ಬಂದಿರಲಿಲ್ಲ.

ನಾನು ಈಗಲೂ ನಿಮ್ಮನ್ನು ಕೇಳುತ್ತೇನೆ, ಎದೆಯೆತ್ತಿಯೇ ಕೇಳುತ್ತೇನೆ — ಕೊಡಿ. ಓದುವಾಗಲೇ ಕೊಡಿ, ಕೆಲಸ ಸಿಕ್ಕ ಕೂಡಲೇ ಕೊಡಿ, ಕೈಲಾದಷ್ಟು ಕೊಡಿ. ಆ ಅನ್ನ ನನ್ನನ್ನು ಪದವಿಯವರೆಗೆ ದಾಟಿಸಿದ್ದು ಸುಳ್ಳಲ್ಲ. ನಾನು ಹೇಳಿದ ಹೆಸರಷ್ಟೇ ಸುಳ್ಳು. ಅಪ್ಪನ ಮರ್ಯಾದೆ ಉಳಿಸಲು ಒಬ್ಬ ತಾಯಿಯ ಮರ್ಯಾದೆ ಕಳೆದೆ.

ಈ ಸಲದ ಸಭೆಯಲ್ಲೂ ಮಾತು ನನ್ನದೇ. ಅಪ್ಪನಿಗೆ ಬರಲು ಹೇಳಿದ್ದೇನೆ. ಹಂಗಳಕ್ಕೂ ಹೋಗಿ ಮಾದೇವಿಯ ಅವ್ವನಿಗೆ ಬರಲು ಹೇಳಿ ಬಂದಿದ್ದೇನೆ. ಮಾದೇವಿ ಬಾಗಿಲಿಗೆ ಬರಲಿಲ್ಲ. ಅವರು ಬರುತ್ತಾರೋ ಇಲ್ಲವೋ — ಮೈಕ್ ಹಿಡಿದು ಮೊದಲು ಆಡುವ ಮಾತು ಮಾತ್ರ ಇದೇ.

ಅವ್ವ, ಆ ಬುತ್ತಿ ತಿಂದವಳು ನಾನು.