ಮಂಗಗಳ ಡಾಕ್ಟರಬಾಯಿ

ಆಕೆಯ ಎಡ ಮುಂಗೈ ಮೇಲೆ ಮಂಗ ಕಚ್ಚಿದ ಕಲೆಯಿತ್ತು. ಬಳೆಗಳು ಮುಗಿಯುವಲ್ಲಿ ಮಾಸಲು ಬಿಳಿಯ ಹಲ್ಲಿನ ಗುರುತು. ಯಾರಾದರೂ ದಿಟ್ಟಿಸಿದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿರಲಿಲ್ಲ. ಕೈಯನ್ನು ಇನ್ನಷ್ಟು ಮುಂದೆ ಚಾಚಿ, "ನಮ್ಮ ಅಪ್ಪನ ದೇವರು ಸಹಿ ಮಾಡ್ಯಾನ್ರಿ" ಎಂದು ನಗುತ್ತಿದ್ದಳು.

ಮಾನ್ವಿಯಲ್ಲಿ ನಮ್ಮ ಎದುರು ಮನೆ ಆಕೆಯದು. ದನದ ದವಾಖಾನೆಯಲ್ಲಿ ಡಾಕ್ಟರು, ಊರಿಗೆಲ್ಲ ಡಾಕ್ಟರಬಾಯಿ. ತಂದೆ ಓಣಿಯ ಕೊನೆಗಿರುವ ಹನುಮಂತದೇವರ ಗುಡಿಯ ಅರ್ಚಕರು, ನಮಗೆಲ್ಲ ಆಚಾರ್ರು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಅವರಿಬ್ಬರೇ. ಮದುವೆಯ ಮಾತೆತ್ತಿದರೆ, "ಅಪ್ಪಗ ಹುಳಿ ಯಾರು ಮಾಡಿ ಹಾಕ್ತಾರ್ರಿ?" ಎಂದು ಮಾತು ಹಾರಿಸುವಳು. ಆಚಾರ್ರೂ ಅಷ್ಟೇ, ಮಗಳು ಬಡಿಸದ ಹೊರತು ಎಲೆಯ ಮುಂದೆ ಕೂಡುತ್ತಿರಲಿಲ್ಲ.

ನಮ್ಮ ಓಣಿಯ ಮಂಗಗಳ ಕಾಟ ಹೇಳತೀರದು. ಮಾಳಿಗೆಯ ಮೇಲೆ ಶ್ಯಾವಿಗೆ ಒಣಹಾಕುವಂತಿಲ್ಲ, ಅಡಿಗೆಮನೆಯ ಕಿಟಕಿ ತೆರೆಯುವಂತಿಲ್ಲ. ಒಂದು ದಿನ ದೊಡ್ಡ ಗಡವವೊಂದು ನಮ್ಮ ಅತ್ತೆಯನ್ನು ಮೆಟ್ಟಿಲ ಮೇಲೆ ಅಟ್ಟಿಸಿಕೊಂಡು ಬಂತು. ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ನನಗೋ ನೆತ್ತಿಗೇರಿತ್ತು. "ಬಾಳೆಹಣ್ಣಿನ್ಯಾಗ ವಿಷಾ ಇಡತೀನಿ ನೋಡ್ರಿ ಇವಕ್ಕ" ಎಂದು ಬೀದಿಯಲ್ಲಿ ನಿಂತು ಕೂಗಾಡಿದೆ.

ಡಾಕ್ಟರಬಾಯಿ ಬಂದು ನನ್ನ ಕೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿದಳು. "ವಿಷಾ ಬ್ಯಾಡ್ರಿ. ಲಾರಿಯೊಳಗ ಹಾಕಿ ಸಾಗಹಾಕೂದೂ ಬ್ಯಾಡ. ನಾವು ಹಿಡದು ದೇವದುರ್ಗದ ಗುಡ್ಡಕ್ಕ ಬಿಡ್ತೀವಿ, ಅಲ್ಲಿಯವರು ಹಿಡದು ಮಾನ್ವಿ ಕಡೆ ಬಿಡ್ತಾರ. ಇವು ಟಿಕೀಟಿಲ್ಲದ ಊರೂರು ತಿರುಗ್ತಾವ, ಅಷ್ಟ. ಹುಟ್ಟೂದು ಕಡಿಮಿ ಆಗ್ಲಿ. ಇದ್ದವು ತಮ್ಮ ಆಯುಷ್ಯ ತಾವು ಮುಗಿಸ್ಲಿ" ಎಂದಳು.

ರಜೆ ಹಾಕಿ ಹೊರರಾಜ್ಯಕ್ಕೆ ಹೋಗಿ ಮಂಗಗಳಿಗೆ ಮರಿಯಾಗದಂತೆ ಮಾಡುವ ಶಸ್ತ್ರಚಿಕಿತ್ಸೆ ಕಲಿತು ಬಂದಳು. ಅರಣ್ಯ ಇಲಾಖೆಯ ಪರವಾನಗಿಗಾಗಿ ರಾಯಚೂರಿಗೆ ಅಲೆದು ಚಪ್ಪಲಿ ಸವೆಸಿದಳು. ಕೊನೆಗೂ ಹಳೆಯ ಹತ್ತಿ ಗೋದಾಮಿನಲ್ಲಿ ಶಿಬಿರ ಶುರುವಾಯಿತು. ಬಾಗಿಲಿಗೆ ಬಟ್ಟೆಯ ಬ್ಯಾನರು: 'ಮಂಗಗಳ ಸಂತಾನಹರಣ ಶಿಬಿರ'.

ಮೊದಲ ತಕರಾರು ಎದ್ದದ್ದೇ ಆ ಬ್ಯಾನರಿನಿಂದ. ಆಚಾರ್ರು ಅದನ್ನು ಓದಿ ಮನೆಗೆ ಬಂದು ಏರಿದ ದನಿಯಲ್ಲಿ ಕೇಳಿದ್ದು ನಮ್ಮ ಪಡಸಾಲೆಗೂ ಕೇಳಿಸಿತು: "ಸೀತಾಹರಣ ಆದಾಗ ಸಮುದ್ರ ಹಾರಿದವನ ಮನೆತನಕ್ಕ ನೀ ಸಂತಾನಹರಣ ಮಾಡ್ತೀ ಏನು?"

"ಅದು ಸರ್ಕಾರದವರ ಶಬ್ದ ಅಪ್ಪಾ. ನಿನ್ನ ದೇವರು ಬ್ರಹ್ಮಚಾರಿ ಅಲ್ಲೇನು? ಅವನ ಮಂದಿಗೂ ಅದನ್ನ ಕಲಿಸ್ಲಿಕತ್ತೀನಿ" ಎಂದಳು ಈಕೆ. ಆಚಾರ್ರಿಗೆ ಅಂದು ನಗು ತಡೆಯಲಾಗಲಿಲ್ಲ. ಬ್ಯಾನರು ಮರುದಿನ ಕೆಳಗಿಳಿಯಿತು, ಕೆಲಸ ಮಾತ್ರ ನಿಲ್ಲಲಿಲ್ಲ.

ಗಾಯ ಮಾಯ್ದ ಮಂಗಗಳನ್ನು ಹಿಡಿದ ಜಾಗಕ್ಕೇ ತಂದು ಬಿಡುತ್ತಿದ್ದಳು. ಇಲ್ಲದಿದ್ದರೆ ಹಿಂಡು ಒಡೆದು ಇನ್ನಷ್ಟು ಪುಂಡಾಗುತ್ತವಂತೆ. ಜನಕ್ಕೆ ಅದು ಎಲ್ಲಿ ತಿಳಿಯಬೇಕು? "ಹಿಡದ ಮಂಗ್ಯಾ ತಿರುಗಿ ಯಾಕ ತಂದೀರಿ?" ಎಂದು ಬಾಗಿಲಿಗೆ ಬಂದು ಜಗಳ ತೆಗೆಯುತ್ತಿದ್ದರು.

ಹೀಗಿರುವಾಗ ಒಂದು ತಾಯಿಮಂಗ ಮತ್ತಿನ ಸೂಜಿ ಚುಚ್ಚಿದ ಮೇಲೆ ಎಚ್ಚರಗೊಳ್ಳಲೇ ಇಲ್ಲ. ಮರಿ ಅದರ ಎದೆ ಬಿಡಲೊಲ್ಲದು. ಡಾಕ್ಟರಬಾಯಿ ಹೊತ್ತು ಇಳಿಯುವವರೆಗೂ ಅದರ ಪಕ್ಕದಲ್ಲೇ ಕೂತಿದ್ದಳು.

ನಮ್ಮ ಕಡೆ ಮಂಗ ಸತ್ತರೆ ಮನುಷ್ಯರಂತೆಯೇ ಮಣ್ಣು ಮಾಡುತ್ತಾರೆ. ಸತ್ತ ತಾಯಿಮಂಗವನ್ನು ಕುರ್ಚಿಯಲ್ಲಿ ಕೂಡಿಸಿ, ಕುಂಕುಮ ಬಳಿದು, ಹಾರ ಹಾಕಿ, ಭಜನೆ ಮಾಡುತ್ತ ಹೊರಟ ಜನ ಆಕೆಯ ಬಾಗಿಲ ಮುಂದೆ ನಿಂತರು. "ಹಣಮಪ್ಪನ ವಂಶಾ ಮುರದಾಕಿ, ಹೊರಗ ಬಾ ಯವ್ವಾ!" ಎಂದು ಒಬ್ಬ ಕೂಗಿದ. ಆಕೆ ಬರಿಗಾಲಲ್ಲಿ ಬಂದು ಕೈಮುಗಿದು ನಿಂತಳು. ಆಚಾರ್ರು ಗುಡಿಯಿಂದ ತೀರ್ಥ ತಂದು ಆ ಮಂಗದ ಬಾಯಿಗೆ ಬಿಟ್ಟರು. ಆಮೇಲೆ ಎಲ್ಲರ ಎದುರು ಮಗಳ ಕಡೆ ತಿರುಗಿ, "ಇನ್ನ ನಿನ್ನ ಕೈಯಾಗ ನೀರೂ ಕುಡಿಯೂದಿಲ್ಲ" ಎಂದರು. ಅಂದೇ ಸಂಜೆ ಹಾಸಿಗೆ ಸುತ್ತಿಕೊಂಡು ಗುಡಿಯ ಕೋಣೆಗೆ ಹೋಗಿಬಿಟ್ಟರು.

ಶಿಬಿರ ನಿಂತಿತು. ಮಂಗಗಳ ಲಾರಿ ಮತ್ತೆ ಓಡಾಡತೊಡಗಿತು. ಆಕೆಗೆ ದೇವದುರ್ಗಕ್ಕೆ ವರ್ಗವಾಯಿತು. ಅಲ್ಲಿ ಮನೆ ಹಿಡಿಯದೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಯಾಕೆಂದು ಕೇಳಿದರೆ, "ಅಪ್ಪ ಮನಸ್ಸು ಮಾಡಿ ಬಂದ್ರ ಬಾಗಲಾ ಹಾಕಿರಬಾರದಲ್ರಿ" ಎನ್ನುವಳು.

"ಕಾಲಿಗೆ ಬಿದ್ದು ತಪ್ಪಾತು ಅಂದ್ರ ಮುಗೀತಲ್ರಿ" ಎಂದೆ ಒಮ್ಮೆ.

"ಬಿದ್ದೀನ್ರಿ. ಆ ಜೀವಾ ನನ್ನ ಕೈಯೊಳಗ ಹೋತು, ಅದಕ್ಕ ಎಷ್ಟು ಸಲಾ ಬೇಕಾದ್ರೂ ಬೀಳ್ತೀನಿ. ಆದ್ರ ಅಪ್ಪ, 'ಈ ಕೆಲಸಾನ ಪಾಪದ್ದು ಅಂತ ಅನ್ನು' ಅಂತಾರ. ಅದನ್ನ ಹೆಂಗ ಅನ್ಲಿ?" ಎಂದಳು.

ವರ್ಷಗಳು ಹೋದವು. ಮೂತ್ರಪಿಂಡದ ಬೇನೆ ಆಕೆಯನ್ನು ಒಳಗೊಳಗೇ ತಿಂದಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ನಾನೇ ಪಕ್ಕದಲ್ಲಿದ್ದೆ. ಅಪ್ಪನಿಗೆ ಹೇಳಬೇಡಿ ಎಂದಿದ್ದಳು. ನಾನು ಕೇಳಲಿಲ್ಲ. ಬಸ್ಸು ಹತ್ತಿ ಮಾನ್ವಿಗೆ ಹೋಗಿ ಗುಡಿಯ ಕಟ್ಟೆ ಹತ್ತಿದೆ. "ಆಚಾರ್ರೇ, ಮಂಗ್ಯಾನ ಬಾಯಿಗೆ ತೀರ್ಥ ಬಿಟ್ಟೀರಿ. ಹೆತ್ತ ಮಗಳು ಅಲ್ಲಿ ಸಾಯಾಕತ್ತಾಳ, ಏಳ್ರಿ!" ಎಂದು ಜೋರು ಮಾಡಿದೆ. ಮುದುಕರು ಅಂಗಿಯನ್ನೂ ತೊಡದೆ, ಹೊದ್ದ ಶಲ್ಯದಲ್ಲೇ ನನ್ನ ಹಿಂದೆ ಹೊರಟರು.

ನಾವು ಮುಟ್ಟುವಷ್ಟರಲ್ಲಿ ಆಕೆಯ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಆಚಾರ್ರು ಅಳಲಿಲ್ಲ. ಮಂಚದ ಅಂಚಿಗೆ ಕೂತು, ಬಟ್ಟೆ ಸರಿಸಿ, ಮಗಳ ಹಣೆಯ ಕೂದಲು ಹಿಂದಕ್ಕೆ ತಳ್ಳಿದರು. ನನ್ನ ಕಡೆ ನೋಡದೆಯೇ ಕೇಳಿದರು: "ಇಷ್ಟು ವರ್ಷ ಮನಿಯೊಳಗ ಒಬ್ಬಾಕಿನ ಕೂತು ಊಟಾ ಮಾಡಿದ್ಲೇನ್ರಿ?"

ಇಲ್ಲ, ನಮ್ಮ ಮನೆಗೇ ಬರುತ್ತಿದ್ದಳು ಎಂದು ಸುಳ್ಳು ಹೇಳಬಹುದಿತ್ತು. ಆಕೆಯ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ.

"ಹೌದ್ರಿ, ಒಬ್ಬಾಕಿನ" ಎಂದೆ.